ಸಂಕ್ರಮಣದ ಮುಳುಗು, ಕೈಯ ಹೊಲಿಗೆ

ಗಲಗಲಿ ಸೀಮೆಯಲ್ಲಿ ಕಬ್ಬು ಕಡಿಯುವ ಹಂಗಾಮಿನ ನಡುವೆಯೇ ಹೊಳೆಯ ಹಬ್ಬ ಬರುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಸಕ್ಕರೆ ಕಾರ್ಖಾನೆಗಳು ಜನವರಿಯಲ್ಲಿ ಭರದಿಂದ ಕಬ್ಬು ನುರಿಸುತ್ತಿರುತ್ತವೆ. ಆಗಲೇ ಸಂಕ್ರಮಣ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಕೃಷ್ಣೆಯಲ್ಲಿ ಮುಳುಗೆದ್ದು, ದಂಡೆಯ ಮೇಲೆ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚುವುದು ಇಲ್ಲಿಯ ರೂಢಿ.

ಕಬ್ಬು ಕಡಿಯುವವನ ಎಡಗೈ ಗಳವನ್ನು ಹಿಡಿದಿರುತ್ತದೆ, ಬಲಗೈ ಕುಡಗೋಲು ಬೀಸುತ್ತದೆ. ರವದಿಯಲ್ಲಿ ಕಾಲು ಜಾರಿದರೆ ಅಥವಾ ಏಟು ತಪ್ಪಿದರೆ ಎಡಗೈ ಬೆರಳು, ಇಲ್ಲವೇ ಮೊಣಕಾಲಿನ ಕೆಳಗಿನ ಭಾಗ ಸೀಳುತ್ತದೆ. ಹೊಲಿಗೆ ಬೀಳುತ್ತವೆ. ನಾಲ್ಕು ದಿನಕ್ಕೆ ಹಬ್ಬ ಬಂದರೆ ಮನೆಯವರ ಮಾತು ಒಂದೇ: "ವರ್ಷಕ್ಕೊಮ್ಮಿ ಬರೂ ಸಂಕ್ರಮಣ, ಒಂದ್ ಮುಳುಗು ಹಾಕಿದ್ರ ಏನಾಗತೈತಿ?"

ಆಗುವುದು ಬಹಳ ಇದೆ. ಹೊಲಿಗೆ ಹಾಕಿದ ಕೂಡಲೇ ಗಾಯ ವಾಸಿಯಾಗುವುದಿಲ್ಲ. ದಾರವು ಅಂಚುಗಳನ್ನು ಜೋಡಿಸಿ ಹಿಡಿದಿರುತ್ತದೆ, ಅಷ್ಟೇ. ಮೇಲ್ಪದರದ ಚರ್ಮ ಕೂಡಿಕೊಳ್ಳಲು ಒಂದೆರಡು ದಿನ ಬೇಕು. ಆಮೇಲೆ ಡಾಕ್ಟರು ಒಪ್ಪಿದರೆ ಬೇಗ ಮೈಮೇಲೆ ನೀರು ಹಾಕಿಕೊಂಡು, ಗಾಯವನ್ನು ಮೆಲ್ಲಗೆ ಒತ್ತಿ ಒರೆಸಿಕೊಳ್ಳಬಹುದು. ನೀರಿನಲ್ಲಿ ನೆನೆಯಲು ಬಿಟ್ಟರೆ ಮಾತೇ ಬೇರೆ: ಚರ್ಮ ಮೆತ್ತಗಾಗಿ ಬಿಳಿಚಿಕೊಳ್ಳುತ್ತದೆ, ಅಂಚು ಸಡಿಲಾಗುತ್ತದೆ, ದಾರ ಹಾಯ್ದ ತೂತುಗಳಿಂದ ಕ್ರಿಮಿಗಳು ಒಳಗಿಳಿಯುತ್ತವೆ. ಈಜುವವನ ಕೈಕಾಲು ಎಳೆಯುವ ರಭಸಕ್ಕೆ ಹೊಲಿಗೆ ಹರಿಯಲೂಬಹುದು.

ಹೊಳೆಯ ನೀರು ತಿಳಿಯಾಗಿ ಕಂಡರೂ ಅದರಲ್ಲಿ ದನಗಳ ಮೈ ತೊಳೆದಿರುತ್ತಾರೆ, ಊರ ಚರಂಡಿ ಸೇರಿರುತ್ತದೆ. 1989ರಲ್ಲಿ ಜಮಖಂಡಿ ಭಾಗದ ರೈತರೇ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಕೊಂಡರು, ಗಲಗಲಿಯಲ್ಲೂ ಬ್ಯಾರೇಜಿದೆ. ಬೇಸಿಗೆಗೆ ನೀರು ನಿಲ್ಲಿಸಿದ ಈ ಕಟ್ಟೆಗಳು ಇಲ್ಲಿಯ ಬದುಕನ್ನೇ ಎತ್ತಿ ಹಿಡಿದಿವೆ. ಆದರೆ ಹರಿಯದೆ ನಿಂತ ನೀರು ಹಸಿ ಗಾಯಕ್ಕೆ ಒಳ್ಳೆಯದಲ್ಲ.

ಇಲಿಗಳ ಮಾತು ಇನ್ನೂ ಗಂಭೀರ. ಇಲಿಯ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಕ್ರಿಮಿ ಸೀಳಿದ ಚರ್ಮದ ಮೂಲಕ ದೇಹ ಹೊಗುತ್ತದೆ. 1930ರ ದಶಕದಲ್ಲಿ ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳಲ್ಲಿ ಈ ಜ್ವರ ಕೂಲಿಕಾರರನ್ನು ಬಲಿ ತೆಗೆದುಕೊಂಡಿತು. ಕಡಿಯುವ ಮುನ್ನ ಕಬ್ಬು ಸುಟ್ಟು ಇಲಿಗಳನ್ನು ಓಡಿಸಬೇಕೆಂದು ಅವರು 1935ರಲ್ಲಿ ಮುಷ್ಕರವನ್ನೇ ಹೂಡಿದರು. ಕುಡಗೋಲಿನ ಗಾಯ, ಇಲಿ, ನೀರು ಮೂರೂ ಗಲಗಲಿ ಸೀಮೆಯಲ್ಲೂ ಇವೆ. ನೀರಿಗಿಳಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸಿದರೆ ಹೊಳೆಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಬೇಗ ಗುರುತಿಸಿದರೆ ಔಷಧಿಯಿದೆ.

ಮುಖದ ಹೊಲಿಗೆಯನ್ನು ಸುಮಾರು 5 ದಿನಕ್ಕೆ ಬಿಚ್ಚುತ್ತಾರೆ, ಕೈಯದನ್ನು 7ರಿಂದ 10, ಕಾಲು ಮತ್ತು ಕೀಲಿನ ಮೇಲಿನದನ್ನು 10ರಿಂದ 14 ದಿನಕ್ಕೆ. ಸಕ್ಕರೆ ಕಾಯಿಲೆಯಿದ್ದರೆ ಮತ್ತಷ್ಟು ತಡ. ಬಿಚ್ಚಿದ ದಿನವೇ ಈಜಬಾರದು. ಮೂರು ವಾರಕ್ಕೂ ಗಾಯದ ಜಾಗಕ್ಕೆ ಮೊದಲಿನ ಬಿಗಿಯ ಐದರಲ್ಲಿ ಒಂದು ಪಾಲು ಬಂದಿರುತ್ತದೆ, ಅಷ್ಟೇ. ಸುಣ್ಣ, ಕಾಫಿಪುಡಿ, ಬೀಡಿ ಬೂದಿಯನ್ನು ಗಾಯದ ಹತ್ತಿರ ತರಲೇಬಾರದು. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ಮೊದಲ ದಿನವೇ ಕೇಳಬೇಕು. ಕೆಂಪು ಹರಡಿದರೆ, ಕೀವು ಬಂದರೆ, ನೋವು ಇಳಿಯುವ ಬದಲು ಏರಿದರೆ ಬಿಚ್ಚುವ ದಿನಕ್ಕೆ ಕಾಯದೆ ದವಾಖಾನೆಗೆ ಹೋಗಬೇಕು.

ಈ ಸಂಕ್ರಮಣಕ್ಕೆ ಮನೆಯಲ್ಲಿ ಯಾರ ಕೈಗಾದರೂ ಹೊಲಿಗೆ ಇದ್ದರೆ ಅವರನ್ನು ದಂಡೆಯ ಮೇಲೆಯೇ ಕೂರಿಸಿ. ಆ ಕೈ ಒಣಗಿರಲಿ. ಮನೆಯಿಂದ ತಂದ ನೀರನ್ನು ಎರಡು ತಂಬಿಗೆ ತಲೆಗೆ ಹಾಕಿ, ಬುತ್ತಿ ಬಿಚ್ಚುವಾಗ ಮೊದಲ ರೊಟ್ಟಿಯನ್ನು ಅವರಿಗೇ ಕೊಡಿ.