ಗುತ್ತಿನ ಮನೆಯ ಗಾಡಿ

ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಸಂಸಾರ ಹೂಡಿದ್ದ ಕಾಲದಲ್ಲಿ ನಾವು ಒಂದು ವೋಲ್ವೋ ಸ್ಟೇಷನ್ ವ್ಯಾಗನ್ನನ್ನು ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದೆವು. ರಜೆಯಲ್ಲಿ ಕಾಸರಗೋಡಿಗೆ ಬಂದಾಗಲೆಲ್ಲ ನೆಂಟರಿಷ್ಟರು ಕೇಳುತ್ತಿದ್ದುದು ಒಂದೇ ಮಾತು: "ಇನ್ನೂ ಅದೇ ಹಳೆಯ ಕಾರೇ?" ಕೇಳಿದವರಿಗೆ ನಕ್ಕು ಸುಮ್ಮನಾದೆವೇ ಹೊರತು ಸರಿಯಾದ ಉತ್ತರವನ್ನು ಕೊಟ್ಟದ್ದಿಲ್ಲ.

ಗಾಡಿಯನ್ನು ಕೊಂಡದ್ದು 1994ರ ವಸಂತದಲ್ಲಿ. ಅದು 240 ಎಂಬ ಮಾದರಿಯದು, 1989ರಲ್ಲಿ ತಯಾರಾದದ್ದು. ಈ ಮಾದರಿಯು 1974ರಲ್ಲಿ ಹೊರಬಂದು 1993ರ ಮೇ ತಿಂಗಳಲ್ಲಿ ನಿಂತಿತು. ಅಷ್ಟರೊಳಗೆ ಇಪ್ಪತ್ತಾರು ಲಕ್ಷಕ್ಕೂ ಮಿಕ್ಕಿ ಗಾಡಿಗಳು ತಯಾರಾಗಿದ್ದುವು. ಮಾರಿದವರು ಒಬ್ಬ ನಿವೃತ್ತ ಉಪಾಧ್ಯಾಯರು. "ಹನ್ನೊಂದು ಸಾವಿರ ಮಿಲ್ ಓಡಿದೆ" ಎಂದರು. ಮಿಲ್ ಎಂದರೆ ಮೈಲಿ ಎಂದು ಬಗೆದು, ಐದು ವರ್ಷಗಳಲ್ಲಿ ಇಷ್ಟೇ ಓಡಿತೇ ಎಂದು ಒಳಗೊಳಗೇ ಹಿಗ್ಗಿದೆವು. ಆ ದೇಶದಲ್ಲಿ ಒಂದು ಮಿಲ್ ಎಂದರೆ ಹತ್ತು ಕಿಲೋಮೀಟರು ಎಂಬುದು ತಿಳಿದದ್ದು ಹಣ ಕೊಟ್ಟಾದ ಮೇಲೆ. ನಮ್ಮ ಗಾಡಿ ಆಗಲೇ 1,10,000 ಕಿಲೋಮೀಟರು ಓಡಿ ಮುಗಿಸಿತ್ತು.

ಇಂತಹ ಗಾಡಿಗೆ ಸ್ವೀಡಿಷ್ ಭಾಷೆಯಲ್ಲಿ 'ಹೆರ್‌ಗೋರ್ಡ್ಸ್‌ವಾಗ್ನ್' ಎಂಬ ಹೆಸರೊಂದಿದೆ. ಜಮೀನುದಾರರ ದೊಡ್ಡ ಮನೆಯ ಬಂಡಿ ಎಂಬರ್ಥ. 1997ರಲ್ಲಿ ಊರಿನಿಂದ ಬಂದ ಅಪ್ಪ ಇದನ್ನು ಕೇಳಿ, "ಹಾಗಾದರೆ ಗುತ್ತಿನ ಮನೆಯ ಗಾಡಿ ಎನ್ನಿ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ರೂಪದಲ್ಲಿ ಗುತ್ತಿನ ಗತ್ತೇನೂ ಇರಲಿಲ್ಲವೆನ್ನಿ. ಇಟ್ಟಿಗೆಯನ್ನು ಕೊಯ್ದಿಟ್ಟ ಹಾಗೆ ನಾಲ್ಕು ಮೂಲೆ. ಪೇಟೆಯೊಳಗೆ ಲೀಟರಿಗೆ ಒಂಬತ್ತು ಕಿಲೋಮೀಟರು ಕೊಟ್ಟರೆ ಹೆಚ್ಚು. ಆದರೆ ಹಿಂದಿನ ಆಸನವನ್ನು ಮಡಚಿದರೆ ಆರಡಿ ಉದ್ದದ ಹಲಗೆಯಂತಹ ಜಾಗ ತೆರೆಯುತ್ತಿತ್ತು. ಯುಗಾದಿಗೆ ಕನ್ನಡಿಗರ ಮನೆಗಳು ಸೇರಿದಾಗ ಪಾಯಸದ ಪಾತ್ರೆಗಳೂ ಅಕ್ಕಿಯ ಚೀಲಗಳೂ ಬರುತ್ತಿದ್ದುದು ಅದರಲ್ಲಿಯೇ. ಮನೆ ಬದಲಿಸಿದವರೆಲ್ಲರ ಕಪಾಟು ಮಂಚಗಳನ್ನೂ ಅದೇ ಹೊತ್ತಿತು. ಕೊಟ್ಟಕೊನೆಯಲ್ಲಿ, ಹಿಂದಿನ ಬಾಗಿಲಿಗೆ ಮುಖಮಾಡಿ ಕೂರುವ ಒಂದು ಪುಟ್ಟ ಆಸನವಿತ್ತು. ಮಕ್ಕಳಿಬ್ಬರ ಬಾಲ್ಯವೆಲ್ಲ ಅದರ ಮೇಲೆ ಕಳೆಯಿತು. ಮುಂದೆ ಬರುವುದೇನೆಂದು ನಾವು ಹೇಳಬೇಕು. ದಾಟಿಹೋದದ್ದೇನೆಂದು ಅವರು ಕೂಗಿ ಹೇಳುವರು.

ಯಂತ್ರದ ವಿಷಯ ಒಂದು ಮಾತು. 2.3 ಲೀಟರಿನ ನಾಲ್ಕು ಸಿಲಿಂಡರುಗಳ ಎರಕದ ಕಬ್ಬಿಣದ ಯಂತ್ರವದು. ಅದರ ಟೈಮಿಂಗ್ ಬೆಲ್ಟ್ ಕಡಿದುಹೋದರೂ ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿಯಾಗುವುದಿಲ್ಲ. ಬದಲಿಸುವ ಅವಧಿ ಬಂದರೂ ಮುಂದೂಡುತ್ತ ಹೋದ ನಮಗೆ ಈ ಸಂಗತಿ ಮನದಟ್ಟಾದದ್ದು 1999ರಲ್ಲಿ, ವೇನರ್ನ್ ಸರೋವರದ ದಂಡೆಯ ದಾರಿಯಲ್ಲಿ. ಸದ್ದಿಲ್ಲದೆ ನಿಂತ ಗಾಡಿಯನ್ನು ಎಳೆಸಿಕೊಂಡು ಹೋಗಿ ಹೊಸ ಬೆಲ್ಟ್ ಹಾಕಿಸಿದೆವು. ಸಂಜೆಯೊಳಗೆ ಮತ್ತೆ ದಾರಿಗೆ ಬಿದ್ದೆವು. ಬೇರೆ ಎಷ್ಟೋ ಯಂತ್ರಗಳು ಅಂತಹ ಉದಾಸೀನವನ್ನು ಕ್ಷಮಿಸವು.

ಅಪ್ಪ ಬಂದದ್ದು ಅದೊಂದೇ ಸಲ. ಮಾರ್ಚಿ ಕೊನೆಗೆ ಬಂದರು. ಮಳೆ ಹಿಡಿಯುವ ಮೊದಲು ಅಡಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕೆಂದು ಮೇ ನಡುವಿನಲ್ಲೇ ಹೊರಟುನಿಂತರು. ಗಾಡಿಯಲ್ಲಿ ಕುಳಿತ ಮೊದಲ ದಿನ ಸೀಟಿನ ಪಟ್ಟಿಯನ್ನು ಬಿಗಿದುಕೊಳ್ಳಿರೆಂದರೆ, "ಕಟ್ಟಿಹಾಕಲು ನಾನೇನು ದನವೇ?" ಎಂದರು. ಈ ಮೂರು ಬಿಂದುಗಳ ಪಟ್ಟಿಯನ್ನು ನಿಲ್ಸ್ ಬೋಲಿನ್ ಎಂಬ ಎಂಜಿನಿಯರರು ಇದೇ ಊರಿನ ಕಂಪನಿಯಲ್ಲಿ ರೂಪಿಸಿದ್ದು, 1959ರಿಂದಲೇ ಕಾರುಗಳಿಗೆ ಬಂದದ್ದು ಎಂದು ವಿವರಿಸಿದ ಮೇಲೆ, ಕಂಡುಹಿಡಿದವರ ಗೌರವಕ್ಕೆಂಬಂತೆ ಕಟ್ಟಿಕೊಂಡರು.

ಒಂದು ಬೆಳಗ್ಗೆ ಅವರು ಗಾಡಿಯ ಪಕ್ಕದಲ್ಲಿ ಚಾಪೆ ಹಾಸಿ, ಮಲಗಿ, ಅದರ ಅಡಿಯನ್ನು ನೋಡುತ್ತಿದ್ದರು. ನೆರೆಯವರು ಕಿಟಕಿಯಿಂದ ಇಣುಕಿದರು, ನಮಗೆ ಸಂಕೋಚ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ಅಲ್ಲಿ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಗಾಡಿಯ ತಳದ ಸಂದುಗಳಲ್ಲಿ ಬಿಳಿಯ ಹೊಪ್ಪಳೆಯಾಗಿ ಕೂತಿತ್ತು. "ಮೈಲುತುತ್ತು ಹೊಡೆದ ಪಂಪನ್ನು ತೊಳೆಯದೆ ಅಟ್ಟಕ್ಕೇರಿಸುವವರುಂಟೇ? ಪ್ರತಿ ವಸಂತದಲ್ಲೂ ಅಡಿಯನ್ನು ತೊಳೆಯಿರಿ" ಎಂದರು. ಅಂದೇ ತೊಳೆಸಿದರು ಸಹ. ಹಿಂದಿನ ಚಕ್ರಗಳಿಂದ ನಡೆಯುವ ಗಾಡಿ ಹಿಮದಲ್ಲಿ ಹಿಡಿತ ತಪ್ಪುತ್ತದೆಂದು ಕೇಳಿ, ಹಿಂಬದಿಗೆ ಎರಡು ಮರಳಿನ ಚೀಲಗಳನ್ನು ಹೊಲಿದುಕೊಟ್ಟರು.

ಮರುವರ್ಷ ನಾವು ತೊಳೆದೆವು. ಆಮೇಲೆ ಕೆಲಸ, ಮಕ್ಕಳ ಶಾಲೆ, ಏನೇನೋ. ಮೇಲಿನ ಬಣ್ಣ ಹೊಳೆಯುತ್ತಲೇ ಇತ್ತು.

2004ರ ಜನವರಿಯ ಒಂದು ರಾತ್ರಿ ಊರಿನಿಂದ ಫೋನು ಬಂತು. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ. ಅಂತಹ ಚಳಿಯಲ್ಲಿ ಯಂತ್ರವನ್ನು ಬೆಚ್ಚಗಿಡಲು ವಿದ್ಯುತ್ತಿನ ತಂತಿಯನ್ನು ಮೊದಲೇ ಚುಚ್ಚಿಟ್ಟಿರಬೇಕು, ನಾವು ಇಟ್ಟಿರಲಿಲ್ಲ. ಕೀಲಿ ತಿರುಗಿಸಿದಾಗ ಗಾಡಿ ಎರಡು ಸಲ ನರಳಿತು, ಮೂರನೆಯ ಸಲ ಎದ್ದಿತು. ಲಾಂಡ್‌ವೆಟ್ಟರ್ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಊರು ಸೇರುವಾಗ ತೋಟದ ಬದಿಯಲ್ಲಿ ಎಲ್ಲ ಮುಗಿದಿತ್ತು. ಬೊಜ್ಜ ಕಳೆಸಿ ಮರಳಿದಾಗ ಗಾಡಿ ನಿಲ್ದಾಣದ ಅಂಗಳದಲ್ಲಿ ಮೊಣಕಾಲೆತ್ತರದ ಹಿಮದಲ್ಲಿ ಹೂತಿತ್ತು. ಹಿಮ ಕೆರೆದು ಹಿಂದಿನ ಬಾಗಿಲೆತ್ತಿದರೆ, ಅಪ್ಪನ ಕೈಹೊಲಿಗೆಯ ಆ ಎರಡು ಚೀಲಗಳು.

ಗಾಡಿಯನ್ನು ಬದಲಿಸುವ ಮಾತು ಆ ಬಳಿಕ ನಮ್ಮ ಮನೆಯಲ್ಲಿ ಬಹುಕಾಲ ಏಳಲಿಲ್ಲ. ಆ ವಸಂತದಲ್ಲಿ ಅಡಿಯನ್ನು ತೊಳೆಯಲು ಹೊರಟಾಗ ತಳದಿಂದ ತುಕ್ಕಿನ ಪದರಗಳು ಹಪ್ಪಳದ ಚೂರಿನಂತೆ ಉದುರಿದುವು. 2008ರ ವಾರ್ಷಿಕ ತಪಾಸಣೆಯಲ್ಲಿ ಬಾಗಿಲಿನ ಕೆಳಗಿನ ತೊಲೆಯಲ್ಲಿ ತೂತು ಕಂಡಿತು. ಒಂದು ಕಾರ್ಯಾಗಾರದವರು ಅದಕ್ಕೆ ಮೇಣದಂತಹ ಏನನ್ನೋ ಮೆತ್ತಿ ಬಣ್ಣ ಹೊಡೆದು ಸಾಕಷ್ಟು ಹಣ ಪಡೆದರು. ಮರುವರ್ಷ ಪರೀಕ್ಷಕರ ಸ್ಕ್ರೂಡ್ರೈವರು ಅದರೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬಳಿಕ ಮುದುಕ ಬೆಸುಗೆಗಾರರೊಬ್ಬರು ಸಿಕ್ಕಿದರು. ಕೊಳೆತುದನ್ನು ಕೊಯ್ದು ಹೊಸ ತಗಡು ಬೆಸೆಯುವ ಪ್ರಾಮಾಣಿಕ ಕೆಲಸ ಅವರದು. ಏಳು ವರ್ಷಗಳ ಕಾಲ ತೂತಿಗೊಂದು ತೇಪೆಯಾಗಿ ಸಾಗಿತು.

2016ರಲ್ಲಿ ಅವರೂ ಕೈಚೆಲ್ಲಿದರು. ತುಕ್ಕು ಹಿಂದಿನ ಆಕ್ಸಲನ್ನು ಹಿಡಿದಿಡುವ ಜಾಗಕ್ಕೇ ಹಬ್ಬಿತ್ತು. ಮೀಟರು 4,10,000 ಕಿಲೋಮೀಟರು ತೋರಿಸುತ್ತಿದ್ದರೂ ಯಂತ್ರ ಮಾತ್ರ ಕೊಂಡ ದಿನದಂತೆಯೇ ನಡೆಯುತ್ತಿತ್ತು. ಬೇರೆ ಪಟ್ಟಣದಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲಿ, "ಆ ಹಿಂದಿನ ಸೀಟನ್ನಾದರೂ ಬಿಚ್ಚಿಡಿ" ಎಂದಳು. ಬಿಚ್ಚಿಟ್ಟೆವು, ಚೀಲಗಳನ್ನೂ ಇಳಿಸಿಕೊಂಡೆವು.

ಕೊಳ್ಳಲು ಬಂದವನು ಒಬ್ಬ ತರುಣ. ಅವನಲ್ಲಿ ಇದೇ ಮಾದರಿಯ, ಮೈ ಗಟ್ಟಿಯಿದ್ದು ಯಂತ್ರ ಸತ್ತ ಗಾಡಿಯೊಂದಿತ್ತಂತೆ. ಯಂತ್ರವನ್ನು ಓಡಿಸಿ ಕಿವಿಗೊಟ್ಟು ಕೇಳಿ ತಲೆದೂಗಿದನು. ಬಳಿಕ ಅಂಗಳದ ಮೇಲೆ ರಟ್ಟೊಂದನ್ನು ಹಾಸಿ, ಮಲಗಿ, ಅಡಿಯನ್ನು ದೀಪ ಹಿಡಿದು ಬಹಳ ಹೊತ್ತು ನೋಡಿದನು.

"ಇಷ್ಟು ಒಳ್ಳೆಯ ಗಾಡಿ. ಇದರ ಅಡಿಯನ್ನು ನೀವು ತೊಳೆಯುತ್ತಿರಲಿಲ್ಲವೇ?" ಎಂದು ಅಲ್ಲಿಂದಲೇ ಕೇಳಿದನು.

ಎರಡು ವರ್ಷ ತೊಳೆದಿದ್ದೆವು ಎಂದೆವು.