ಉಪ್ಪುಗಾಳಿಯಲ್ಲಿ ಹಳೆಯ ಜೀಪು

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಹಿಮ ಕರಗಿ ಗಾಲಿಗಳಿಗೆ ಹಿಡಿತ ಸಿಗುತ್ತದೆ. ಜನರ ಜೀವವನ್ನು ಕಾಯುವ ಈ ಉಪ್ಪು ವಾಹನಗಳ ಆಯುಷ್ಯವನ್ನು ಮಾತ್ರ ತಿಂದುಹಾಕುತ್ತದೆ. ಕಾರು ತಯಾರಿಕೆಗೆ ಜಗತ್ಪ್ರಸಿದ್ಧವಾದ ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 350 ಮೀಟರ್ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಕಾರುಗಳನ್ನು ಹೆತ್ತ ಊರು ಅವುಗಳ ವೈರಿಯನ್ನೂ ತನ್ನ ಒಡಲಲ್ಲೇ ಇರಿಸಿಕೊಂಡಿದೆ.

ಆ ಪ್ರಾಂತ್ಯದಲ್ಲಿ ನೆಲೆಸಿರುವ ನನ್ನ ಬಂಧುವೊಬ್ಬರ ಬಳಿ ಮಾಡು ಮಡಚುವ ಹಳೆಯ ಮಾಜ್ದಾ ಮಿಯಾಟಾ ಕಾರು ಇದೆ. ನವೆಂಬರಿನಲ್ಲಿ ಅದನ್ನು ಗ್ಯಾರೇಜಿನೊಳಗೆ ನಿಲ್ಲಿಸಿದರೆ, ವಸಂತದ ಮಳೆ ರಸ್ತೆಯ ಉಪ್ಪನ್ನೆಲ್ಲ ತೊಳೆದುಹಾಕುವ ತನಕ ಅವರು ಕೀಲಿಕೈ ಮುಟ್ಟುವುದಿಲ್ಲ. ಅದೇ ಕಾರನ್ನು ಚಳಿಗಾಲವಿಡೀ ಓಡಿಸುವವರೂ ಅಲ್ಲಿದ್ದಾರೆ. ಕಾರು ಇರುವುದು ಓಡುವುದಕ್ಕೇ ಹೊರತು ನಿಲ್ಲುವುದಕ್ಕಲ್ಲ ಎಂಬುದು ಅವರ ವಾದ. ಈ ಎರಡು ಪಂಗಡಗಳ ವಾಗ್ವಾದ ವರ್ಷವರ್ಷವೂ ಹೊಸದಾಗಿ ಆರಂಭವಾಗುತ್ತದೆಯಂತೆ. ಒಮ್ಮೆ ಊರಿಗೆ ಬಂದಿದ್ದಾಗ ಅವರು ಕುಂಬಳೆಯ ನಮ್ಮ ಮನೆಯಂಗಳದ ಜೀಪಿನ ಅಡಿಗೆ ಬಗ್ಗಿ ನೋಡಿ, "ನಿಮ್ಮ ಚಳಿಗಾಲ ಎಷ್ಟು ತಿಂಗಳು?" ಎಂದು ಕೇಳಿದರು. "ಹನ್ನೆರಡು" ಎಂದೆ.

ಅದು ನಗೆಮಾತಾಗಿರಲಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅಲೆ ಒಡೆದಾಗಲೆಲ್ಲ ಏಳುವ ಸಣ್ಣ ಹನಿಗಳು ಪಡುಗಾಳಿಯ ಜೊತೆ ತೀರವನ್ನು ದಾಟಿ ಬರುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ತೆಂಗಿನ ಗರಿಯ ಮೇಲೆ, ಕಿಟಕಿಯ ಸರಳಿನ ಮೇಲೆ, ಜೀಪಿನ ತಗಡಿನ ಮೇಲೆ ಕೂರುತ್ತದೆ. ಅಡುಗೆ ಉಪ್ಪಿನ ಜೊತೆಗೆ ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯಲ್ಲಿನ ತೇವವನ್ನು ಬಲುಬೇಗ ಹೀರಿಕೊಳ್ಳುವಂಥದ್ದು. ಹೀಗಾಗಿ ಮಳೆ ಬಾರದ ದಿನವೂ ಕರಾವಳಿಯ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ. ಬರಿಯ ನೀರಿಗಿಂತ ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿನ ಕ್ರಿಯೆಗೆ ವೇಗ ಬರುತ್ತದೆ. ಸೆಖೆ ಆ ವೇಗವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕೊರೆಯುವ ಹಿಮದಲ್ಲಿ ನಿಂತ ಕಾರಿನ ತುಕ್ಕು ನಿದ್ರಿಸುತ್ತದೆ, ಬೆಚ್ಚನೆಯ ಗ್ಯಾರೇಜಿಗೆ ತಂದೊಡನೆ ಎಚ್ಚರಗೊಳ್ಳುತ್ತದೆ ಎಂದು ಆ ಬಂಧು ಹೇಳುತ್ತಾರೆ. ನಮ್ಮ ತೀರವಾದರೋ ವರ್ಷವಿಡೀ ಬೆಚ್ಚಗಿರುವ ಗ್ಯಾರೇಜು.

ಗಾಳಿಯದ್ದು ಸಾಲದೆಂಬಂತೆ ಹೆದ್ದಾರಿಯ ಉಪ್ಪೂ ಇದೆ. ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಗಿನ ಜಾವ ಪ್ರಯಾಣಿಸಿದವರಿಗೆ ಮೀನಿನ ಲಾರಿಗಳ ಪರಿಚಯ ಇದ್ದೇ ಇರುತ್ತದೆ. ಕರಗಿದ ಮಂಜುಗಡ್ಡೆಯ ನೀರು ಮೀನಿನ ಉಪ್ಪನ್ನು ಹೊತ್ತು ಡಾಮರಿನ ಮೇಲೆ ಗೆರೆ ಎಳೆಯುತ್ತಾ ಹೋಗುತ್ತದೆ. ದ್ವಿಚಕ್ರ ಸವಾರರು ಅದರ ಮೇಲೆ ಜಾರಿ ಬೀಳುವುದುಂಟು. ಹಿಂದಿನಿಂದ ಬರುವ ತೆರೆದ ಜೀಪಿಗೆ ಆ ನೀರು ಅಡಿಯಿಂದಲೂ ಎರಚುತ್ತದೆ, ಚಾಲಕನ ಮುಖಕ್ಕೂ ಸಿಡಿಯುತ್ತದೆ. ಹಿಮದ ನಾಡಿನ ಉಪ್ಪಿನ ರಸ್ತೆ ನಮ್ಮಲ್ಲಿಯೂ ಇದೆ, ಹಿಮ ಮಾತ್ರ ಇಲ್ಲ.

ನನ್ನದು ಸ್ಪೋರ್ಟ್ಸ್ ಕಾರಲ್ಲ. ಮಹೀಂದ್ರ ಕಂಪನಿಯ ಎಂ.ಎಂ. 540, ಟಾರ್ಪಾಲಿನ ಹುಡ್ಡಿನ ಜೀಪು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ ವಿಲ್ಲಿಸ್ ಜೀಪಿನ ವಂಶದ್ದು. ಆದರೆ ಹುಡ್ಡು ಬಿಚ್ಚಿ, ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿದರೆ ಶಿರಿಯ ಸೇತುವೆಯ ಮೇಲೆ ಯಾವ ವಿಲಾಸಿ ಕಾರೂ ಕೊಡದ ಸುಖವನ್ನು ಅದು ಕೊಡುತ್ತದೆ. ತಂದೆಯವರು ಅದನ್ನು 1991ರಲ್ಲಿ ಬದಿಯಡ್ಕದ ಅಡಿಕೆ ತೋಟಕ್ಕೆಂದು ಕೊಂಡರು. ನಮ್ಮ ಮಲೆಯ ಭಾಗದಲ್ಲಿ ಆ ಕಾಲದ ಜೀಪೆಂದರೆ ಬರಿಯ ವಾಹನವಲ್ಲ. ಅಡಿಕೆ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಹೆರಿಗೆಯ ನೋವಿನ ಹೆಣ್ಣುಮಗಳು, ಕೆಲವೊಮ್ಮೆ ಶವ, ಎಲ್ಲವೂ ಅದರಲ್ಲೇ ಹೋಗುತ್ತಿದ್ದುವು. ಇಪ್ಪತ್ತು ವರ್ಷ ಕೆಸರಿನಲ್ಲಿ ದುಡಿದರೂ ಅದರ ಮೈ ಗಟ್ಟಿಯಾಗಿತ್ತು. ತಂದೆ ತೀರಿಕೊಂಡ ಬಳಿಕ ಜೀಪು ನನ್ನೊಡನೆ ಕುಂಬಳೆಗೆ, ಕಡಲಿನಿಂದ ಅರ್ಧ ಕಿಲೋಮೀಟರು ದೂರಕ್ಕೆ ಬಂತು. ಘಟ್ಟದ ಬುಡದ ಕೆಸರು ಇಪ್ಪತ್ತು ವರ್ಷಗಳಲ್ಲಿ ಮಾಡದಿದ್ದುದನ್ನು ಕಡಲಗಾಳಿ ಐದೇ ವರ್ಷಗಳಲ್ಲಿ ಮಾಡಿ ತೋರಿಸಿತು.

ತುಕ್ಕು ಕಣ್ಣಿಗೆ ಕಾಣುವ ಜಾಗದಲ್ಲಿ ಆರಂಭವಾಗುವುದಿಲ್ಲ. ಬಣ್ಣದ ಮೇಲೆ ಗುಳ್ಳೆ ಎದ್ದಾಗ ಒಳಗಿನ ಕೆಲಸ ಮುಗಿಯುತ್ತಾ ಬಂದಿರುತ್ತದೆ. ತಗಡು ತಗಡಿನ ಮೇಲೆ ಕೂಡುವ ಬೆಸುಗೆಯ ಸಂದು, ಕಾಲಡಿಯ ಚಾಪೆಯ ಕೆಳಗಿನ ನೆಲ, ಚಕ್ರದ ಮೇಲಣ ಕಮಾನಿನ ಒಳಮೈ, ಚಾಸಿಯ ಟೊಳ್ಳು, ಇವೇ ಅದರ ಗೂಡುಗಳು. ತೆರೆದ ವಾಹನಕ್ಕೆ ಇನ್ನೊಂದು ಕಷ್ಟವಿದೆ. ಹುಡ್ಡಿನ ಹೊಲಿಗೆಯಲ್ಲಿ ಇಳಿದ ನೀರು ನೆಲಕ್ಕೆ ಬಂದು, ಹರಿದುಹೋಗಬೇಕಾದ ಸಣ್ಣ ತೂತುಗಳಲ್ಲಿ ತರಗೆಲೆ ಕಟ್ಟಿಕೊಂಡಿದ್ದರೆ ಅಲ್ಲೇ ನಿಂತುಬಿಡುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಲ್ಲಿ ಆ ತೂತುಗಳು ಒಂದು ವಾರ ಮುಚ್ಚಿದ್ದರೆ ಸಾಕು.

ತೊಳೆಯುವುದೇ ಮದ್ದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವ ನೀರಿನಲ್ಲಿ? ಬಾವಿಕ್ಕೆರೆಯಲ್ಲಿ ಶಾಶ್ವತ ತಡೆಯಣೆ ಆಗುವ ಮೊದಲು ಕಾಸರಗೋಡು ಪಟ್ಟಣದವರು ಅನುಭವಿಸಿದ ಬೇಸಗೆಗಳು ಓದುಗರಿಗೆ ನೆನಪಿರಬಹುದು. ಹೊಳೆಯ ಹರಿವು ಸೊರಗಿದೊಡನೆ ಸಮುದ್ರದ ನೀರು ಚಂದ್ರಗಿರಿಯಲ್ಲಿ ಮೇಲೇರಿ ಬರುತ್ತಿತ್ತು. ವರ್ಷವರ್ಷವೂ ಕಟ್ಟುತ್ತಿದ್ದ ಮರಳುಚೀಲದ ತಾತ್ಕಾಲಿಕ ಒಡ್ಡು ಅದನ್ನು ತಡೆಯದಿದ್ದರೆ ನಳ್ಳಿಯಲ್ಲಿ ಉಪ್ಪುನೀರೇ ಬರುತ್ತಿತ್ತು. ಕುಡಿಯುವುದಕ್ಕೇ ಒದಗದ ನೀರಿನಲ್ಲಿ ಜೀಪು ತೊಳೆದರೆ ಗಾಯಕ್ಕೆ ಉಪ್ಪು ಸವರಿದಂತೆಯೇ. ತೀರದ ಬಾವಿಗಳ ಸ್ಥಿತಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಇಂದಿಗೂ ಹಾಗೆಯೇ ಇದೆ. ಆ ತಿಂಗಳುಗಳಲ್ಲಿ ನಾನು ಜೀಪನ್ನು ಬದಿಯಡ್ಕದ ತೋಟಕ್ಕೆ ಒಯ್ದು ಸುರಂಗದ ನೀರಿನಲ್ಲಿ ತೊಳೆಯುತ್ತೇನೆ. ಜಂಬಿಟ್ಟಿಗೆಯ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಬರಿಸುವ ಸುರಂಗಗಳು ನಮ್ಮ ಜಿಲ್ಲೆಯ ಹೆಮ್ಮೆ. ಅದರ ಸಿಹಿನೀರು ಜೀಪಿನ ಅಡಿಯ ಉಪ್ಪನ್ನು ಇಳಿಸಿಕೊಂಡು ಕಣಿಗೆ ಹರಿಯುವುದನ್ನು ನೋಡುವಾಗ, ತಂದೆಯ ಕೈಯಲ್ಲಿ ಅದು ಅಷ್ಟು ಕಾಲ ಉಳಿದುದರ ಗುಟ್ಟು ತಿಳಿಯುತ್ತದೆ.

ಮಳೆಗಾಲಕ್ಕೆ ಮುನ್ನ ಚಾಸಿಗೆ ಎಣ್ಣೆ ಹಚ್ಚುವುದು ಎರಡನೆಯ ಮದ್ದು. ನಮ್ಮ ಕರಾವಳಿಯ ದೋಣಿಗಳಿಗೆ ಹಿಂದಿನಿಂದಲೂ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ತುಳುವಿನಲ್ಲಿ ಬೂತಾಯಿ, ಮಲಯಾಳದಲ್ಲಿ ಮತ್ತಿ ಎನಿಸಿದ ಮೀನಿನ ಎಣ್ಣೆ ಮರವನ್ನು ಕಡಲಿನಿಂದ ಕಾಯುತ್ತಿತ್ತು. ಉಪ್ಪಿನ ಜೊತೆ ಬಾಳುವ ವಿದ್ಯೆಯನ್ನು ನಾವು ಡೆಟ್ರಾಯಿಟಿನಿಂದ ಕಲಿಯಬೇಕಾಗಿಲ್ಲ. ಒಂದೇ ಎಚ್ಚರ: ತೊಳೆದು, ಚೆನ್ನಾಗಿ ಒಣಗಿಸಿದ ಬಳಿಕವೇ ಎಣ್ಣೆ. ಒದ್ದೆಯ ಮೇಲೆ ಬಳಿದರೆ ಉಪ್ಪನ್ನೂ ನೀರನ್ನೂ ಒಳಗೇ ಕೂಡಿಹಾಕಿದಂತಾಗುತ್ತದೆ.

ಹಿತೈಷಿಗಳ ಸಲಹೆಗಳಿಗೆ ಕೊರತೆಯಿಲ್ಲ. ಹುಡ್ಡು ಕಿತ್ತು ತಗಡಿನ ಮಾಡು ಹಾಕಿಸು ಎನ್ನುವವರಿಗೆ ಕಾನೂನನ್ನೇ ಉತ್ತರವಾಗಿ ಕೊಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲಿಕನಿಗೆ ಹಕ್ಕಿಲ್ಲ; ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿದೆ. ಮಾರಿಬಿಡು ಎನ್ನುವವರ ಮಾತಿಗೆ ಲೆಕ್ಕಾಚಾರದ ಬಲವಿದೆ. ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಷ್ಯ; ಆಮೇಲೆ ಐದೈದು ವರ್ಷಗಳ ನವೀಕರಣ. ಹದಿನೈದು ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಯಿತು. ನಮ್ಮ ಜೀಪು ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಶುಲ್ಕವನ್ನು ನಾನು ಕಟ್ಟಬಲ್ಲೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದುದು ಚಾಸಿ.

ಉಳಿದದ್ದು ಮೂರನೆಯ ಸಲಹೆ: ಓಡಿಸಬೇಡ, ಶೆಡ್ಡಿನೊಳಗೆ ಮುಚ್ಚಿಡು, ತಂದೆಯ ನೆನಪಿಗೆ ಇರಲಿ. ಇದನ್ನು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ನನ್ನ ಬಂಧುವಿನ ಊರಿನಲ್ಲಿ ಅದು ಸರಿಯೂ ಹೌದು. ಅಲ್ಲಿ ಉಪ್ಪು ರಸ್ತೆಯಲ್ಲಿದೆ, ರಸ್ತೆಗಿಳಿಯದ ಕಾರು ಉಳಿಯುತ್ತದೆ. ಇಲ್ಲಿ ಉಪ್ಪು ಗಾಳಿಯಲ್ಲಿದೆ, ಶೆಡ್ಡಿನ ಬಾಗಿಲು ಅದಕ್ಕೆ ಅಡ್ಡಿಯಲ್ಲ. ಆಟಿಯ ತಿಂಗಳು ಮುಚ್ಚಿಟ್ಟ ಜೀಪಿನ ಬ್ರೇಕು ಹಿಡಿದುಕೊಳ್ಳುತ್ತದೆ, ಹುಡ್ಡಿನ ಮಡಿಕೆಗೆ ಬೂಷ್ಟು ಬರುತ್ತದೆ, ಸೀಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ಓಡಾಡುವ ಜೀಪಿಗೆ ಎಂಜಿನ್ನಿನ ಬಿಸಿ ತಾಗುತ್ತದೆ, ಗಾಳಿಯಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಓಡಿಸುವವನ ಕಣ್ಣು ಕಿವಿಗಳು ಅದರ ಮೇಲೆ ಇರುತ್ತವೆ. ಹೊಸದೊಂದು ಕಿರುಗುಟ್ಟುವಿಕೆ ಮುಚ್ಚಿಟ್ಟವನಿಗೆ ಕೇಳಿಸುವುದಿಲ್ಲ.

ಆದ್ದರಿಂದ ವಾರಕ್ಕೆರಡು ದಿನ ವಿದ್ಯಾನಗರದ ನ್ಯಾಯಾಲಯಕ್ಕೆ ನಾನು ಜೀಪಿನಲ್ಲೇ ಹೋಗುತ್ತೇನೆ. ಕರಿ ಕೋಟು ಪ್ಲಾಸ್ಟಿಕ್ ಚೀಲದೊಳಗೆ, ಕಡತಗಳು ಇನ್ನೊಂದರೊಳಗೆ. ಆದರೆ ಈ ಪ್ರೀತಿಗೆ ನಾನೇ ಒಂದು ಎಲ್ಲೆ ಹಾಕಿಕೊಂಡಿದ್ದೇನೆ. ಪ್ರತಿವರ್ಷ ಮಳೆ ನಿಂತ ಮೇಲೆ ಮೆಕ್ಯಾನಿಕ್ಕು ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಕಬ್ಬಿಣ ಗಂಟೆಯಂತೆ ನಾದ ಕೊಡುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಮಾಡುತ್ತದೆ. ನೆಲದ ತಗಡು ಹೋದರೆ ಹೊಸದನ್ನು ಬೆಸೆಯಬಹುದು. ಎರಡು ಬಾರಿ ಬೆಸೆದದ್ದೂ ಆಗಿದೆ. ಸ್ಟಿಯರಿಂಗು, ಸ್ಪ್ರಿಂಗುಗಳನ್ನು ಹೊತ್ತ ಜಾಗದಲ್ಲಿ ಆ ಮಂಕು ಸದ್ದು ಬಂದ ದಿನ ಜೀಪು ರಸ್ತೆಯನ್ನು ಬಿಡಬೇಕು. ಎದುರಿನಿಂದ ಬರುವ ಶಾಲಾ ಬಸ್ಸಿನ ಮಕ್ಕಳಿಗೆ ನನ್ನ ಪಿತೃಭಕ್ತಿಯಿಂದ ಆಗಬೇಕಾದುದೇನೂ ಇಲ್ಲ.

ನಮ್ಮ ಮನೆಗಳನ್ನು ಕಟ್ಟಿದ ಕೆಂಪುಕಲ್ಲಿಗೆ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕೇ. ತುಕ್ಕಿನಿಂದಾದ ನೆಲದ ಮೇಲೆ ನಿಂತು ತುಕ್ಕನ್ನು ಗೆಲ್ಲುತ್ತೇನೆನ್ನುವುದು ಅಹಂಕಾರವಾದೀತು, ತಡಮಾಡಿಸಬಹುದು, ಅಷ್ಟೆ. ಕಳೆದ ತುಲಾಮಾಸದಲ್ಲಿ ತಟ್ಟಿ ನೋಡಿದಾಗ ಚಾಸಿ ಉದ್ದಕ್ಕೂ ನಾದ ಕೊಟ್ಟಿತು. ಎಡಬದಿಯ ಹಿಂದಿನ ಮೂಲೆಯಲ್ಲಿ ಮಾತ್ರ ಮೆಕ್ಯಾನಿಕ್ಕು ಎರಡು ಬಾರಿ ತಟ್ಟಿ, ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, "ಮುಂದಿನ ವರ್ಷ ಇಲ್ಲಿಂದಲೇ ಶುರು ಮಾಡೋಣ" ಎಂದ.