ಬೀಜದೋಷವೂ ಪಥ್ಯವೂ

ನಮ್ಮ ಮನೆತನದಲ್ಲಿ ಮಧುಮೇಹವು ತಲೆಮಾರುಗಳಿಂದ ನಡೆದುಬಂದಿದೆ. ನಮ್ಮ ತೀರ್ಥರೂಪರಿಗೆ ಇತ್ತು; ನನಗೂ ನನ್ನ ತಮ್ಮನಿಗೂ ಉಂಟು. ಈಚೆಗೆ ನನ್ನ ಮಗನ ರಕ್ತದಲ್ಲಿಯೂ ಸಕ್ಕರೆಯು ಮೇರೆಯನ್ನು ಮುಟ್ಟುತ್ತಿರುವುದಾಗಿ ವೈದ್ಯರು ತಿಳಿಸಿದ್ದಾರೆ. ಪಥ್ಯದ ಮಾತೆತ್ತಿದರೆ, “ವಂಶದಲ್ಲಿಯೇ ಇರುವುದು ನನ್ನನ್ನು ಬಿಟ್ಟೀತೆ, ಅಪ್ಪಯ್ಯ?” ಎಂದು ಅವನು ಸುಮ್ಮನಾಗುತ್ತಾನೆ. ಇದು ಅನೇಕ ಮನೆಗಳಲ್ಲಿ ಕೇಳಿಬರುವ ಮಾತಾದುದರಿಂದ ಕೊಂಚ ವಿಚಾರಿಸತಕ್ಕದ್ದಾಗಿದೆ.

ವಂಶದ ಪಾಲು ಸುಳ್ಳಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯದಕ್ಕೆ ತಾಯಿತಂದೆಗಳ ಬೀಜದೋಷವನ್ನು ಕಾರಣವಾಗಿ ಹೇಳುತ್ತದೆ. ಆ ಬೀಜವನ್ನು ಇಂದಿನ ಶಾಸ್ತ್ರಜ್ಞರು ಬಿಡಿಸಿ ಓದುತ್ತಿದ್ದಾರೆ. ಜೀವಕೋಶದೊಳಗಿನ ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ದೀರ್ಘಗ್ರಂಥ. ಓಲೆಯ ಪ್ರತಿಗಳಲ್ಲಿ ಪಾಠಾಂತರಗಳಿರುವಂತೆ ಮನುಷ್ಯರಿಂದ ಮನುಷ್ಯರಿಗೆ ಇದರಲ್ಲಿಯೂ ಅಕ್ಷರಭೇದಗಳುಂಟು. ೨೦೦೬ರಲ್ಲಿ ಐಸ್‌ಲೆಂಡ್ ದೇಶದ ಸಂಶೋಧಕರು ಟಿಸಿಎಫ್೭ಎಲ್೨ ಎಂಬ ಜೀನಿನಲ್ಲಿನ ಅಂಥದೊಂದು ಭೇದಕ್ಕೂ ಮಧುಮೇಹಕ್ಕೂ ಸಂಬಂಧವನ್ನು ಕಂಡರು. ತಾಯಿಯಿಂದಲೂ ತಂದೆಯಿಂದಲೂ ಅದನ್ನು ಪಡೆದವರಿಗೆ ರೋಗದ ಸಂಭವವು ಉಳಿದವರಿಗಿಂತ ಸುಮಾರು ಎರಡರಷ್ಟು. ಈ ಭೇದವು ಇನ್ಸುಲಿನ್ನಿನ ಸ್ರಾವವನ್ನು ಕುಂದಿಸುತ್ತದೆ. ಬೇರೆ ಕೆಲವು ಭೇದಗಳಿಂದ, ಇನ್ಸುಲಿನ್ ಇದ್ದರೂ ಮಾಂಸಖಂಡಗಳು ಅದರ ಆಜ್ಞೆಗೆ ಸರಿಯಾಗಿ ಓಗೊಡುವುದಿಲ್ಲ. ಇಂಥವು ಈಗ ನೂರಾರು ತಿಳಿದಿವೆ. ಬಿಡಿಯಾಗಿ ನೋಡಿದರೆ ಬಹುತೇಕ ಎಲ್ಲವುಗಳ ಬಲವೂ ಅಲ್ಪ.

ಹಾಗಾದರೆ ಪುರುಷಪ್ರಯತ್ನಕ್ಕೆ ಎಡೆಯಿಲ್ಲವೆ? ಅಮೆರಿಕದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುಂಪುಗಳಾಗಿ ವಿಭಾಗಿಸಿ ನಡೆಸಿದ ಪರೀಕ್ಷೆಯ ಫಲವು ೨೦೦೨ರಲ್ಲಿ ಪ್ರಕಟವಾಯಿತು. ವಾರಕ್ಕೆ ೧೫೦ ನಿಮಿಷಗಳ ನಡಿಗೆಯಂಥ ವ್ಯಾಯಾಮವನ್ನೂ, ಮಿತಾಹಾರದಿಂದ ಮೈತೂಕದಲ್ಲಿ ನೂರಕ್ಕೆ ೭ರಷ್ಟು ಇಳಿಕೆಯನ್ನೂ ಗುರಿಯಾಗಿಟ್ಟುಕೊಂಡವರಲ್ಲಿ ಹೊಸದಾಗಿ ರೋಗ ಬರುವುದು ನೂರಕ್ಕೆ ೫೮ರಷ್ಟು ತಗ್ಗಿತು. ೨೦೦೬ರಲ್ಲಿ ಇದೇ ಜನರ ಜೀನುಗಳನ್ನು ಪರಿಶೀಲಿಸಲಾಯಿತು. ಮೇಲೆ ಹೇಳಿದ ಭೇದವನ್ನು ಇಬ್ಬರು ಹೆತ್ತವರಿಂದಲೂ ಪಡೆದವರಿಗೆ, ಈ ನಿಯಮಗಳಿಲ್ಲದ ಗುಂಪಿನಲ್ಲಿ ರೋಗವು ಇತರರಿಗಿಂತ ಹೆಚ್ಚಾಗಿ ಬಂದಿತ್ತು. ನಿಯಮದಿಂದ ನಡೆದವರಲ್ಲಿ ಆ ವಿಶೇಷ ಅಪಾಯವು ಕಾಣಿಸಲಿಲ್ಲ.

ಮಕ್ಕಳಿಗೆ ನಾವು ಬೀಜದೊಡನೆ ಅಡಿಗೆಯ ಮನೆಯನ್ನೂ ಕೊಟ್ಟಿರುತ್ತೇವೆ. ಎರಡು ಹೊತ್ತೂ ತುಂಬಿದೆಲೆಯ ಅನ್ನ, ಉಂಡೊಡನೆ ನಿದ್ರೆ, ಹಬ್ಬವಿಲ್ಲದ ದಿನವೂ ಸಿಹಿ—ಇವೂ ವಂಶಪರಂಪರೆಯೇ ಸರಿ. ಇವುಗಳನ್ನು ಬದಲಾಯಿಸುವುದು ನಮ್ಮ ಕೈಯಲ್ಲಿದೆ. ತಾಯಿಗಾಗಲಿ ತಂದೆಗಾಗಲಿ ಈ ರೋಗವಿದ್ದವರು ಬಾಯಾರಿಕೆ, ಆಯಾಸಗಳು ತೋರುವವರೆಗೂ ಕಾಯದೆ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಯುಕ್ತ. ರೋಗವು ಬಂದಮೇಲೆ ನಡಿಗೆಯನ್ನು ನಂಬಿ ಔಷಧವನ್ನು ಬಿಡುವುದೂ ಸಲ್ಲದು.

ಬೀಜದೋಷವನ್ನು ಒಪ್ಪಿದ ಸುಶ್ರುತಸಂಹಿತೆಯೇ, ಹಣವಿಲ್ಲದ ಪ್ರಮೇಹಿಯು ಕೊಡೆ ಪಾದರಕ್ಷೆಗಳಿಲ್ಲದೆ ನೂರು ಯೋಜನಗಳನ್ನು ನಡೆಯಬೇಕೆಂದು ವಿಧಿಸಿದೆ. ನಮ್ಮ ಮಕ್ಕಳನ್ನು ನಾವು ಅಷ್ಟು ದೂರ ಕಳುಹಿಸಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆಯ ದಾರಿ ಸಾಕು.